ಆನ್ಯೆಸ್ ವಾರ್ದಾ ಮತ್ತು ಅವರ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೆಂಚ್ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರ ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ ಪಕ್ಕದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವನ್ನು ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ.

ಹೆಸರನ್ನು ಹೇಗೆ ಹೇಳಬೇಕು? ಆಗ್ನೆಸ್ ಎಂದರೆ ತಪ್ಪೇ?

ಫ್ರೆಂಚರ ಬಾಯಲ್ಲಿ ಅದು 'ಆನ್ಯೆಸ್'. ಇಂಗ್ಲಿಷ್ ಕಾಗುಣಿತ ನೋಡಿ ಓದಿದರೆ ನಡುವೆ ಒಂದು 'ಗ' ನುಸುಳಿಕೊಳ್ಳುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಷ್ಟಕ್ಕೂ ಹುಟ್ಟಿದಾಗ ಇಟ್ಟ ಹೆಸರು ಇದಲ್ಲ, ಆರ್ಲೆತ್. ಹದಿನೆಂಟರ ಹರೆಯದಲ್ಲಿ ಅವರೇ ಅದನ್ನು ಬಿಟ್ಟು ಆನ್ಯೆಸ್ ಆದರು.

ಅವರು ಎಲ್ಲಿಯವರು? ಸಿನಿಮಾಕ್ಕೆ ಮುಂಚೆ ಏನು ಮಾಡುತ್ತಿದ್ದರು?

1928ರ ಮೇ 30ರಂದು ಬೆಲ್ಜಿಯಂನ ಬ್ರಸೆಲ್ಸ್ ಬಳಿ ಹುಟ್ಟಿದರು. ತಂದೆ ಗ್ರೀಕ್ ಮೂಲದವರು, ತಾಯಿ ಫ್ರೆಂಚ್. 1940ರಲ್ಲಿ ಯುದ್ಧ ಮನೆ ಬಾಗಿಲಿಗೆ ಬಂದಾಗ ಕುಟುಂಬ ಫ್ರಾನ್ಸಿನ ದಕ್ಷಿಣದ ಬಂದರು ಊರಾದ ಸೆತ್‌ಗೆ ಓಡಿಬಂದು, ದಡಕ್ಕೆ ಕಟ್ಟಿದ ದೋಣಿಯೊಂದರಲ್ಲಿ ಬದುಕಿತು. ಮುಂದೆ ಅವರ ಚಿತ್ರಗಳಲ್ಲಿ ಕಡಲತೀರ ಮತ್ತೆ ಮತ್ತೆ ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪ್ಯಾರಿಸ್ಸಿನಲ್ಲಿ ಕಲಾ ಇತಿಹಾಸ ಓದಿದರು, ಫೋಟೋಗ್ರಫಿ ಕಲಿತರು. ರಂಗ ನಿರ್ದೇಶಕ ಝಾನ್ ವಿಲಾರ್ ಅವರ ರಾಷ್ಟ್ರೀಯ ಜನತಾ ರಂಗಮಂದಿರಕ್ಕೆ ಅಧಿಕೃತ ಛಾಯಾಗ್ರಾಹಕಿಯಾಗಿ ಸುಮಾರು ಹತ್ತು ವರ್ಷ ದುಡಿದರು. ಅಲ್ಲಿಯ ನಟರೇ ಅವರ ಮೊದಲ ಚಿತ್ರಕ್ಕೂ ಬಂದರು. 1951ರಲ್ಲಿ ಡಗೇರ್ ಬೀದಿಯ ಮನೆಗೆ ಬಂದವರು ಸಾಯುವವರೆಗೂ ಅಲ್ಲಿಂದ ಕದಲಲಿಲ್ಲ. ಡಗೇರ್ ಎಂಬುದು ಫೋಟೋಗ್ರಫಿಯ ಆದಿಪುರುಷರಲ್ಲೊಬ್ಬನ ಹೆಸರು. ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಒಪ್ಪುವ ವಿಳಾಸ ಸಿಗುವುದು ಕಷ್ಟ.

ಸಿನಿಮಾ ಕಲಿತದ್ದು ಎಲ್ಲಿ?

ಎಲ್ಲಿಯೂ ಇಲ್ಲ. ಯಾರ ಕೈಕೆಳಗೂ ಸಹಾಯಕಿಯಾಗಿ ದುಡಿಯಲಿಲ್ಲ, ಸಿನಿಮಾ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಷ್ಟೇ ಅಲ್ಲ, ಮೊದಲ ಚಿತ್ರಕ್ಕೆ ಕೈಹಾಕುವಾಗ ಅವರು ನೋಡಿದ್ದ ಚಿತ್ರಗಳೇ ಬೆರಳೆಣಿಕೆಯಷ್ಟು. ಇದನ್ನು ಅವರು ಮುಚ್ಚಿಡಲೂ ಇಲ್ಲ.

ಆ ಚಿತ್ರ 'ಲಾ ಪ್ವಾಂತ್ ಕೂರ್ತ್'. 1954ರಲ್ಲಿ ಸೆತ್‌ನ ಬೆಸ್ತರ ಕೇರಿಯಲ್ಲಿ ಚಿತ್ರೀಕರಿಸಿದ್ದು. ಹಣವಿರಲಿಲ್ಲ, ಹಾಗಾಗಿ ತಂಡದವರೆಲ್ಲ ಸೇರಿ ಸಹಕಾರಿ ಪದ್ಧತಿಯಲ್ಲಿ ಮಾಡಿದರು. ಚಿತ್ರದಲ್ಲಿ ಎರಡು ಎಳೆಗಳಿವೆ. ಒಂದರಲ್ಲಿ ಬೆಸ್ತರ ದಿನಚರಿ: ಚಿಪ್ಪುಮೀನು ಹಿಡಿಯಬಾರದೆಂದು ಬರುವ ಆರೋಗ್ಯ ಇಲಾಖೆಯವರು, ಮಗುವಿನ ಸಾವು, ದೋಣಿಗಳ ಮೇಲೆ ನಿಂತು ಒಬ್ಬರನ್ನೊಬ್ಬರು ನೀರಿಗೆ ಕೆಡವುವ ಆಟ. ಇನ್ನೊಂದರಲ್ಲಿ ಬೇರೆಯಾಗಬೇಕೋ ಬೇಡವೋ ಎಂದು ಮಾತಾಡುತ್ತ ನಡೆಯುವ ಗಂಡ ಹೆಂಡತಿ. ಎರಡೂ ಸರದಿಯಂತೆ ಬರುತ್ತವೆ, ಒಂದರೊಳಗೊಂದು ಬೆರೆಯುವುದಿಲ್ಲ. ಅಮೆರಿಕದ ಲೇಖಕ ಫಾಕ್ನರನ ಕಾದಂಬರಿಯೊಂದರಿಂದ ಈ ಹೆಣಿಗೆ ಹೊಳೆಯಿತು ಎಂದು ಅವರು ಹೇಳಿಕೊಂಡಿದ್ದಾರೆ.

ಸಂಕಲನಕ್ಕೆ ಬಂದವರು ಮುಂದೆ ತಾವೂ ಹೆಸರಾಂತ ನಿರ್ದೇಶಕರಾದ ಅಲೆನ್ ರೆನೆ. ಮೊದಲು ಅವರು ಹಿಂಜರಿದರು. ತಾನು ಮಾಡಬೇಕೆಂದುಕೊಂಡಿದ್ದನ್ನು ಈಕೆ ಆಗಲೇ ಮಾಡುತ್ತಿದ್ದಾರೆ ಎನ್ನಿಸಿತಂತೆ. ಸಂಕಲನದ ಮೇಜಿನ ಮುಂದೆ ಕುಳಿತು 'ಇದು ವಿಸ್ಕೊಂತಿಯನ್ನು ನೆನಪಿಸುತ್ತದೆ, ಇದು ಅಂತೋನಿಯೋನಿಯನ್ನು' ಎಂದು ರೆನೆ ಹೇಳಿದರೆ, ಆ ಇಟಲಿಯ ನಿರ್ದೇಶಕರೆಲ್ಲ ಯಾರು ಎಂದು ವಾರ್ದಾ ಕೇಳುತ್ತಿದ್ದರು. ಪ್ಯಾರಿಸ್ಸಿನಲ್ಲಿ ಚಿತ್ರಭಂಡಾರವೊಂದಿದೆ, ಹೋಗಿ ನೋಡು ಎಂದು ಕೊನೆಗೆ ರೆನೆಯೇ ದಾರಿ ತೋರಿಸಬೇಕಾಯಿತು.

ಆ ಚಿತ್ರೀಕರಣದ ಒಂದು ಫೋಟೋ 2019ರ ಕಾನ್ ಚಿತ್ರೋತ್ಸವದ ಪೋಸ್ಟರ್ ಆಯಿತು. ಕ್ಯಾಮೆರಾ ಎತ್ತರದಲ್ಲಿದೆ, ಕಣ್ಣು ನಿಲುಕುತ್ತಿಲ್ಲ. ಇಪ್ಪತ್ತಾರರ ನಿರ್ದೇಶಕಿ ತಂತ್ರಜ್ಞನೊಬ್ಬನ ಬೆನ್ನಿನ ಮೇಲೆ ಹತ್ತಿ ನಿಂತು ಕ್ಯಾಮೆರಾದೊಳಗೆ ಇಣುಕುತ್ತಿದ್ದಾರೆ. ಏಣಿ ಇಲ್ಲ ಎಂದು ಕೆಲಸ ನಿಲ್ಲಿಸಿದವರಲ್ಲ.

ಅವರನ್ನು ಫ್ರೆಂಚ್ ಹೊಸ ಅಲೆಯ 'ಅಜ್ಜಿ' ಎನ್ನುತ್ತಾರಲ್ಲ, ಏಕೆ?

1960ರ ಸುಮಾರಿಗೆ ಸ್ಟುಡಿಯೋ ಬಿಟ್ಟು ಬೀದಿಗಿಳಿದ ಫ್ರೆಂಚ್ ಯುವ ನಿರ್ದೇಶಕರ ಚಳವಳಿಯೇ ಹೊಸ ಅಲೆ. ಅದರ ಮುಂಚೂಣಿಯಲ್ಲಿದ್ದ ತ್ರುಫೊ ಅವರ ಮೊದಲ ಕಥಾಚಿತ್ರ ಬಂದದ್ದು 1959ರಲ್ಲಿ, ಗೊದಾರ್ ಅವರದ್ದು 1960ರಲ್ಲಿ. ವಾರ್ದಾ ಅವರದ್ದು 1955ರಲ್ಲೇ ತೆರೆಗೆ ಬಂದಿತ್ತು. ಬೀದಿಯಲ್ಲೇ ಚಿತ್ರೀಕರಣ, ಸಣ್ಣ ತಂಡ, ಸ್ಟುಡಿಯೋ ಹಂಗಿಲ್ಲದ ಬೆಳಕು, ಎಲ್ಲವೂ ಅದರಲ್ಲಿದ್ದವು. ಹಾಗಾಗಿ ಅಜ್ಜಿ. ಆದರೆ ಈ ಬಿರುದು ಬಂದಾಗ ಅವರಿಗೆ ಮೂವತ್ತರ ಆಸುಪಾಸು. ಗೊದಾರ್ ಅವರಿಗಿಂತ ಎರಡೇ ವರ್ಷ ದೊಡ್ಡವರು. ಓರಗೆಯ ಗಂಡಸರಿಗೆ 'ಕ್ರಾಂತಿಕಾರಿ' ಪಟ್ಟ, ಅವರಿಗಿಂತ ಮೊದಲು ಹೆಜ್ಜೆ ಇಟ್ಟವರಿಗೆ 'ಅಜ್ಜಿ' ಪಟ್ಟ. ವಾರ್ದಾ ಇದನ್ನು ನಗುತ್ತ ಸ್ವೀಕರಿಸಿದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಕಟ್ಟುನಿಟ್ಟಾಗಿ ಹೇಳುವುದಾದರೆ ಅವರು ವಿಮರ್ಶೆ ಬರೆಯುತ್ತ ನಿರ್ದೇಶಕರಾದ ಆ ಗುಂಪಿನವರಲ್ಲ. ಅಲೆನ್ ರೆನೆ, ಕ್ರಿಸ್ ಮಾರ್ಕರ್ ಜೊತೆಗೆ 'ಎಡದಂಡೆ'ಯವರು ಎಂದು ಇವರನ್ನು ಸೇರಿಸುತ್ತಾರೆ. ಸೇನ್ ನದಿಯ ಎಡದಂಡೆ ಎಂದು ಅರ್ಥ. ರಾಜಕೀಯದ ಎಡವೂ ತಕ್ಕಮಟ್ಟಿಗೆ ಹೌದು.

'ಕ್ಲಿಯೋ ಫ್ರಮ್ ಫೈವ್ ಟು ಸೆವೆನ್' ಎರಡು ಗಂಟೆಯ ಚಿತ್ರವಾಗಬೇಕಿತ್ತಲ್ಲವೇ? ತೊಂಬತ್ತೇ ನಿಮಿಷವಿದೆ!

ಇದನ್ನು ಕೇಳದವರೇ ಇಲ್ಲ. ಚಿತ್ರ ಸಂಜೆ ಐದಕ್ಕೆ ಶುರುವಾಗಿ ಆರೂವರೆಗೆ ಮುಗಿಯುತ್ತದೆ. 'ಐದರಿಂದ ಏಳು' ಎಂಬುದು ಫ್ರೆಂಚಿನಲ್ಲಿ ಪ್ರೇಮಿಗಳು ಕದ್ದು ಕೂಡುವ ಹೊತ್ತಿಗೆ ಇರುವ ನುಡಿಗಟ್ಟು. ಇಲ್ಲಿ ಆ ಹೊತ್ತಿಗೆ ಕಾಯುತ್ತಿರುವುದು ಪ್ರೇಮಿಯಲ್ಲ, ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವ ವೈದ್ಯಕೀಯ ವರದಿ.

1962ರ ಈ ಚಿತ್ರ ಕಪ್ಪು ಬಿಳುಪಿನದು, ಆದರೆ ಮೊದಲ ದೃಶ್ಯದಲ್ಲಿ ಮೇಜಿನ ಮೇಲೆ ಹರಡುವ, ಭವಿಷ್ಯ ಹೇಳುವ ಇಸ್ಪೀಟಿನಂಥ ಎಲೆಗಳಿಗೆ ಮಾತ್ರ ಬಣ್ಣ. ಗಾಯಕಿ ಕ್ಲಿಯೋ ಆಗಿ ಕೊರಿನ್ ಮಾರ್ಶಾಂ. ಅಂದು ಬೇಸಿಗೆಯ ಮೊದಲ ದಿನ, ಆಕೆ ಕೊಳ್ಳುವುದು ಚಳಿಗಾಲದ ತುಪ್ಪಳದ ಟೋಪಿ. ಮಂಗಳವಾರ ಹೊಸದನ್ನು ಧರಿಸಬಾರದು ಎಂದು ಮನೆಗೆಲಸದಾಕೆ ತಡೆಯುತ್ತಾಳೆ. ಪ್ಯಾರಿಸ್ಸಿನಲ್ಲೂ ಮಂಗಳವಾರಕ್ಕೆ ಈ ಗತಿಯೇ ಎಂದು ನಮ್ಮವರು ಇಲ್ಲಿ ನಗುವುದು ಖಂಡಿತ. ದಾರಿಯುದ್ದಕ್ಕೂ ಕನ್ನಡಿಗಳು, ಗಡಿಯಾರಗಳು. ಸಮಯ ಓಡುವುದೂ ಕಾಣುತ್ತದೆ, ಆಕೆ ತನ್ನನ್ನೇ ನೋಡಿಕೊಳ್ಳುವುದೂ ಕಾಣುತ್ತದೆ.

ಚಿತ್ರದ ನಡುಮಧ್ಯದಲ್ಲಿ ಒಂದು ಹಾಡಿದೆ. ಸಂಗೀತ ನಿರ್ದೇಶಕ ಮಿಶೆಲ್ ಲೆಗ್ರಾಂ ತಾವೇ ಪಿಯಾನೋ ವಾದಕನ ಪಾತ್ರದಲ್ಲಿದ್ದಾರೆ. ಹೊಸ ಹಾಡಿನ ಹಾಳೆ ಹಿಡಿದು ಕ್ಲಿಯೋ ಅಭ್ಯಾಸಕ್ಕೆಂದು ಶುರುಮಾಡುತ್ತಾಳೆ. ಕ್ಯಾಮೆರಾ ಮೆಲ್ಲನೆ ಹತ್ತಿರ ಬಂದು, ಕೋಣೆಯೆಲ್ಲ ಮರೆಯಾಗಿ, ಹಿಂದೆ ಬರೀ ಕಪ್ಪು ಉಳಿಯುತ್ತದೆ. ಪಿಯಾನೋ ಒಂದೇ ಇದ್ದ ಕೋಣೆಯಲ್ಲಿ ಎಲ್ಲಿಂದಲೋ ವಾದ್ಯವೃಂದ ಕೇಳುತ್ತದೆ. ಹಾಡು ಮುಗಿದದ್ದೇ ಆಕೆ ಸಿಡಿದು, ಕೃತಕ ಕೂದಲನ್ನು ಕಿತ್ತೆಸೆದು, ಕಪ್ಪು ಉಡುಪು ತೊಟ್ಟು ಒಬ್ಬಳೇ ಬೀದಿಗಿಳಿಯುತ್ತಾಳೆ. ಅಲ್ಲಿಯವರೆಗೆ ಎಲ್ಲರೂ ಆಕೆಯನ್ನು ನೋಡುತ್ತಿದ್ದರು. ಅಲ್ಲಿಂದ ಮುಂದೆ ಆಕೆ ನೋಡತೊಡಗುತ್ತಾಳೆ. ಕಾಫಿ ಅಂಗಡಿಯ ಯಂತ್ರದಲ್ಲಿ ತನ್ನದೇ ಹಾಡು ಹಾಕುತ್ತಾಳೆ, ಯಾರೂ ಕಿವಿಗೊಡುವುದಿಲ್ಲ. ಆ ಒಂದು ನಿಮಿಷದಲ್ಲಿ ಆಕೆಯ ಮುಖದ ಮೇಲೆ ಹಾದುಹೋಗುವುದನ್ನು ನೋಡಲೆಂದೇ ನಾನು ಈ ಚಿತ್ರಕ್ಕೆ ಮತ್ತೆ ಮತ್ತೆ ಮರಳಿದ್ದೇನೆ.

ಕೊನೆಯ ಭಾಗದಲ್ಲಿ ಉದ್ಯಾನದಲ್ಲಿ ಸಿಗುವ ಸೈನಿಕ ಅಂದು ರಾತ್ರಿ ಅಲ್ಜೀರಿಯಾದ ಯುದ್ಧಕ್ಕೆ ಮರಳಬೇಕಾದವನು. ಸಾವಿಗೆ ಹೆದರುವವರು ಈಗ ಇಬ್ಬರು. ಉಳಿದದ್ದನ್ನು ಹೇಳಿ ಕೆಡಿಸುವುದಿಲ್ಲ. ವಿಮರ್ಶಕರು ಹತ್ತು ವರ್ಷಕ್ಕೊಮ್ಮೆ ಆರಿಸುವ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಪಟ್ಟಿಯಲ್ಲಿ 2022ರಲ್ಲಿ ಇದಕ್ಕೆ 14ನೇ ಸ್ಥಾನ ಸಿಕ್ಕಿತು.

'ಲ ಬೊನೋರ್' ನೋಡಿ ಸಿಟ್ಟು ಬಂತು. ನಿರ್ದೇಶಕಿ ಆ ಗಂಡನ ಪರವೇ?

ಸಿಟ್ಟು ಬಂದದ್ದು ಒಳ್ಳೆಯದೇ. ಶೀರ್ಷಿಕೆಯ ಅರ್ಥ 'ಸುಖ'. ಬಡಗಿಯೊಬ್ಬನಿಗೆ ಹೆಂಡತಿ, ಇಬ್ಬರು ಮಕ್ಕಳು, ತುಂಬು ಸಂಸಾರ. ಅಂಚೆ ಕಚೇರಿಯ ಹುಡುಗಿಯ ಮೇಲೂ ಪ್ರೀತಿ ಹುಟ್ಟುತ್ತದೆ. ಹೆಂಡತಿಗೆ ಅದನ್ನು ನಿಷ್ಕಪಟವಾಗಿ ಹೇಳುತ್ತಾನೆ. ಅದೇ ದಿನ ಆಕೆ ಕೆರೆಯಲ್ಲಿ ಹೆಣವಾಗುತ್ತಾಳೆ. ಕೆಲವೇ ದೃಶ್ಯಗಳಲ್ಲಿ ಇನ್ನೊಬ್ಬಳು ಅದೇ ಮನೆಯಲ್ಲಿ, ಅದೇ ಕೆಲಸಗಳಲ್ಲಿ, ಅದೇ ಮಕ್ಕಳ ಕೈಹಿಡಿದು ಕಾಡಿಗೆ ಹೋಗುತ್ತಾಳೆ. ಮೊಜಾರ್ಟ್ ಸಂಗೀತ, ಸೂರ್ಯಕಾಂತಿ ಹೂಗಳು, ಕಣ್ಣು ಕೋರೈಸುವ ಬಣ್ಣ. ದೃಶ್ಯ ಮುಗಿದಾಗ ತೆರೆ ಕಪ್ಪಾಗುವ ಬದಲು ಕೆಂಪೋ ನೀಲಿಯೋ ಆಗುತ್ತದೆ.

ಎಲ್ಲಿಯೂ ತೀರ್ಪಿಲ್ಲ, ಅದೇ ಅದರ ಮೊನೆ. ಹೆಂಗಸನ್ನು ಬದಲಾಯಿಸಿದರೂ ಸಂಸಾರದ ಗಾಲಿ ಒಂದಿಷ್ಟೂ ಕಿರುಗುಟ್ಟದೆ ಉರುಳುತ್ತದೆ ಎಂಬುದನ್ನು ಇಷ್ಟು ಸುಂದರವಾಗಿ ತೋರಿಸಿದರೆ ನೋಡುವವರ ಹೊಟ್ಟೆಯಲ್ಲಿ ಸಂಕಟವಾಗಲೇಬೇಕು. ಇನ್ನೊಂದು ಸಂಗತಿ: ಗಂಡ, ಹೆಂಡತಿ, ಮಕ್ಕಳಾಗಿ ಕಾಣಿಸಿಕೊಂಡವರು ನಟ ಝಾನ್ ಕ್ಲೋದ್ ದ್ರುಓ ಮತ್ತು ಅವರ ನಿಜವಾದ ಹೆಂಡತಿ ಮಕ್ಕಳೇ. 1965ರ ಬರ್ಲಿನ್ ಉತ್ಸವದಲ್ಲಿ ಇದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಬಂತು.

ಅವರ ಚಿತ್ರಗಳು ಸೋತದ್ದೇ ಇಲ್ಲವೇ?

ಸೋತಿವೆ. ಕ್ಯಾಥರೀನ್ ದೆನೊವ್, ಮಿಶೆಲ್ ಪಿಕೋಲಿಯಂಥ ತಾರೆಯರಿದ್ದ 1966ರ 'ಲೆ ಕ್ರೆಯಾತ್ಯೂರ್' ಮಕಾಡೆ ಮಲಗಿತು. ನಲವತ್ತು ವರ್ಷಗಳ ನಂತರ, 2006ರಲ್ಲಿ, ಅದರ ರೀಲುಗಳನ್ನು ಹೊರತೆಗೆದು ಗೋಡೆಯಂತೆ ಇಳಿಬಿಟ್ಟು ಪ್ಯಾರಿಸ್ಸಿನ ಕಲಾ ಪ್ರದರ್ಶನದಲ್ಲಿ ಒಂದು ಗುಡಿಸಲು ಕಟ್ಟಿದರು. ಒಳಗೆ ನಿಂತರೆ ತಾರೆಯರ ಮುಖಗಳ ಮೂಲಕ ಬೆಳಕು ಸೋಸಿ ಬರುತ್ತದೆ. ಅದಕ್ಕೆ ಇಟ್ಟ ಹೆಸರು 'ನನ್ನ ಸೋಲಿನ ಗುಡಿಸಲು'.

ಮಕ್ಕಳನ್ನು ಸಾಕುತ್ತ ಇಷ್ಟು ಕೆಲಸ ಹೇಗೆ ಮಾಡಿದರು?

ಗಂಡು ನಿರ್ದೇಶಕರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಆದರೆ ವಾರ್ದಾ ವಿಷಯದಲ್ಲಿ ಉತ್ತರ ಸೊಗಸಾಗಿದೆ. ಮಗಳು ರೊಜಾಲಿ ಹೊಟ್ಟೆಯಲ್ಲಿದ್ದಾಗ ಪ್ಯಾರಿಸ್ಸಿನ ಮುಫ್ತಾರ್ ಸಂತೆಬೀದಿಯನ್ನು ಬಸುರಿಯ ಕಣ್ಣಿನಿಂದ ನೋಡುವ ಕಿರುಚಿತ್ರ ಮಾಡಿದರು. ಮಗ ಮಾತ್ಯು ಹುಟ್ಟಿದ್ದು 1972ರಲ್ಲಿ. ಕೂಸನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಆಗ ಮನೆಯ ವಿದ್ಯುತ್ತಿಗೇ ಉದ್ದನೆಯ ವೈರ್ ಸಿಕ್ಕಿಸಿ, ಅದು ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗಿನ ಅಂಗಡಿಗಳನ್ನಷ್ಟೇ ಚಿತ್ರಿಸಿದರು. ದನವನ್ನು ಗೂಟಕ್ಕೆ ಕಟ್ಟಿದರೆ ಹಗ್ಗದಷ್ಟು ದೂರದ ಹುಲ್ಲು ಮೇಯುತ್ತದಲ್ಲ, ಹಾಗೆ. ಅದೇ 'ಡಗೆರೊಟೈಪ್ಸ್'.

ಬ್ರೆಡ್ ಅಂಗಡಿ, ಮಾಂಸದಂಗಡಿ, ದರ್ಜಿ, ಕ್ಷೌರಿಕ. ಅತ್ತರು, ಗುಂಡಿ ಮಾರುವ ಹಳೆಯ ಅಂಗಡಿಯಲ್ಲಿ ಒಬ್ಬ ವೃದ್ಧ, ಆತನ ಮಾತು ಕಡಿಮೆಯಾದ ಹೆಂಡತಿ. ಸಂಜೆಯಾಗುತ್ತಿದ್ದಂತೆ ಆಕೆ ಎಲ್ಲಿಗೋ ಹೊರಟವಳಂತೆ ಬಾಗಿಲ ಬಳಿ ಬಂದು ನಿಲ್ಲುತ್ತಾಳೆ, ಹೋಗುವುದಿಲ್ಲ. ವಾರ್ದಾ ಅದಕ್ಕೆ ವಿವರಣೆ ಹುಡುಕುವುದಿಲ್ಲ, ಕ್ಯಾಮೆರಾವನ್ನು ಆ ಬಾಗಿಲಲ್ಲೇ ಸ್ವಲ್ಪ ಹೊತ್ತು ಇಡುತ್ತಾರೆ.

ಗಂಡ ಝಾಕ್ ದೆಮಿಯವರೂ ನಿರ್ದೇಶಕರೇ. ಇಬ್ಬರೂ ಕೂಡಿ ಕೆಲಸ ಮಾಡಿದ್ದರೇ?

1962ರಲ್ಲಿ ಮದುವೆಯಾದರು, ಕೆಲಸ ಮಾತ್ರ ಬೇರೆ ಬೇರೆ. ದೆಮಿಯವರದ್ದು ಹಾಡು ಕುಣಿತಗಳ ಲೋಕ, ವಾರ್ದಾ ಅವರದ್ದು ಬೀದಿ. 1960ರ ದಶಕದ ಕೊನೆಯಲ್ಲಿ ದೆಮಿಯವರಿಗೆ ಹಾಲಿವುಡ್‌ನ ಕರೆ ಬಂದಾಗ ಇವರೂ ಅಮೆರಿಕಕ್ಕೆ ಹೋದರು. ಬಂದ ಕಡೆ ಸುಮ್ಮನೆ ಕೂರದೆ, ಓಕ್ಲೆಂಡ್‌ನಲ್ಲಿ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್ ಚಳವಳಿಯ ಬಗ್ಗೆ 1968ರಲ್ಲಿ ಸಾಕ್ಷ್ಯಚಿತ್ರ ಮಾಡಿದರು.

1990ರಲ್ಲಿ ದೆಮಿ ತೀರಿಕೊಂಡರು. ಅವರ ಕೊನೆಯ ತಿಂಗಳುಗಳಲ್ಲಿ, ಅವರ ಬಾಲ್ಯದ ನೆನಪುಗಳನ್ನಿಟ್ಟುಕೊಂಡು ವಾರ್ದಾ 'ಝಾಕೋ ದ ನಾಂತ್' ಚಿತ್ರೀಕರಿಸಿದರು. ನಡುನಡುವೆ ಕ್ಯಾಮೆರಾ ಕಾಯಿಲೆಯ ಗಂಡನ ಚರ್ಮ, ಕೂದಲು, ಕಣ್ಣಿನ ಮೇಲೆ ಇರುವೆಯಂತೆ ಹರಿದಾಡುತ್ತದೆ. ಕಾಯಿಲೆ ಏಡ್ಸ್ ಎಂಬುದನ್ನು ಅವರು ತೆರೆಯ ಮೇಲೆ ಹೇಳಿದ್ದು 2008ರಲ್ಲಿ, ತಮ್ಮ ಆತ್ಮಕಥನದಂಥ 'ದಿ ಬೀಚಸ್ ಆಫ್ ಆನ್ಯೆಸ್' ಚಿತ್ರದಲ್ಲಿ.

ಅವರನ್ನು ಸ್ತ್ರೀವಾದಿ ಎನ್ನಬಹುದೇ?

ಅವರೇ ಹೇಳಿಕೊಂಡಿದ್ದಾರೆ. ಗರ್ಭಪಾತ ಅಪರಾಧವಾಗಿದ್ದ 1971ರಲ್ಲಿ, ನಾವೂ ಮಾಡಿಸಿಕೊಂಡಿದ್ದೇವೆ ಎಂದು ಫ್ರಾನ್ಸಿನ 343 ಹೆಂಗಸರು ಪತ್ರಿಕೆಯಲ್ಲಿ ಸಹಿ ಹಾಕಿ ಘೋಷಿಸಿದರು. ಅದರಲ್ಲಿ ವಾರ್ದಾ ಸಹಿಯೂ ಇದೆ. ಜೈಲು ಎದುರಿಗಿದ್ದ ಕಾಲ ಅದು. ಆ ಹೋರಾಟವೇ 1977ರ 'ಒನ್ ಸಿಂಗ್ಸ್, ದಿ ಅದರ್ ಡಸಂಟ್' ಚಿತ್ರದ ಹಿನ್ನೆಲೆ. 2018ರಲ್ಲಿ ಕಾನ್ ಉತ್ಸವದ ಮೆಟ್ಟಿಲ ಮೇಲೆ 82 ಮಹಿಳೆಯರು ನಿಂತರು. ಉತ್ಸವದ ಅಲ್ಲಿಯವರೆಗಿನ ಇಡೀ ಇತಿಹಾಸದಲ್ಲಿ ಸ್ಪರ್ಧೆಗೆ ಬಂದಿದ್ದ ಮಹಿಳಾ ನಿರ್ದೇಶಕರ ಚಿತ್ರಗಳು ಅಷ್ಟೇ. ಅಂದಿನ ಹೇಳಿಕೆಯನ್ನು ಫ್ರೆಂಚಿನಲ್ಲಿ ಓದಿದವರು ವಾರ್ದಾ, ಇಂಗ್ಲಿಷಿನಲ್ಲಿ ಕೇಟ್ ಬ್ಲಾಂಚೆಟ್.

'ವ್ಯಾಗಬಾಂಡ್' ಅವರ ಅತ್ಯುತ್ತಮ ಚಿತ್ರವೇ?

ನನ್ನ ಮಟ್ಟಿಗೆ ಹೌದು. ಚಳಿಗಾಲ, ದಕ್ಷಿಣ ಫ್ರಾನ್ಸಿನ ದ್ರಾಕ್ಷಿತೋಟ, ಕಾಲುವೆಯಲ್ಲಿ ಸೆಟೆದು ಬಿದ್ದಿರುವ ಹುಡುಗಿಯ ಹೆಣ. ಅಲ್ಲಿಂದ ಚಿತ್ರ ಹಿಂದಕ್ಕೆ ಹೋಗುತ್ತದೆ. ಮೋನಾ ಎಂಬ ಈ ಅಲೆಮಾರಿಯನ್ನು ದಾರಿಯಲ್ಲಿ ಕಂಡವರು ಒಬ್ಬೊಬ್ಬರೇ ಸಾಕ್ಷಿ ಹೇಳುತ್ತಾರೆ. ಒಬ್ಬರಿಗೆ ಆಕೆ ಸೋಮಾರಿ, ಒಬ್ಬರಿಗೆ ಸ್ವತಂತ್ರಳು, ಒಬ್ಬರಿಗೆ ನಾತ. ಎಲ್ಲರ ಮಾತೂ ಸೇರಿಸಿದರೂ ಮೋನಾ ಸಿಗುವುದಿಲ್ಲ. ಆಕೆ 'ಥ್ಯಾಂಕ್ಸ್' ಎನ್ನುವ ಪೈಕಿಯೂ ಅಲ್ಲ, ನಮ್ಮ ಕನಿಕರವನ್ನೂ ಬೇಡುವುದಿಲ್ಲ.

ನೋಡುವಾಗ ಒಂದನ್ನು ಗಮನಿಸಿ. ಮೋನಾ ನಡೆಯುವ ಉದ್ದನೆಯ ಶಾಟ್‌ಗಳಲ್ಲಿ ಕ್ಯಾಮೆರಾ ಬಲದಿಂದ ಎಡಕ್ಕೆ ಸಾಗುತ್ತದೆ. ಎಡದಿಂದ ಬಲಕ್ಕೆ ಓದಿ ರೂಢಿಯಾದ ನಮ್ಮ ಕಣ್ಣಿಗೆ ಆಕೆ ಪ್ರವಾಹಕ್ಕೆ ಎದುರಾಗಿ ನಡೆದಂತೆ ಕಾಣುತ್ತದೆ. ಪ್ರತಿ ಬಾರಿಯೂ ಕ್ಯಾಮೆರಾ ಆಕೆಯನ್ನು ಬಿಟ್ಟು ಮುಂದೆ ಹೋಗಿ ಯಾವುದೋ ವಸ್ತುವಿನ ಮೇಲೆ ನಿಲ್ಲುತ್ತದೆ. ಎಷ್ಟೋ ಹೊತ್ತಿನ ನಂತರ ಬರುವ ಮುಂದಿನ ನಡಿಗೆ ಅಂಥದೇ ವಸ್ತುವಿನಿಂದ ಶುರುವಾಗುತ್ತದೆ. ಮೋನಾ ಪಾತ್ರ ಮಾಡಿದ ಸಾಂದ್ರಿನ್ ಬೊನೇರ್ ಅವರಿಗೆ ಆಗ ಹದಿನೇಳು. ಆ ಕೊಳಕು ಉಗುರು, ಹರಿದ ಬೂಟುಗಳ ಪಾತ್ರ ಅವರಿಗೆ ಫ್ರಾನ್ಸಿನ ಸೆಜಾರ್ ಚಲನಚಿತ್ರ ಪ್ರಶಸ್ತಿ ತಂದಿತು. ಚಿತ್ರಕ್ಕೆ 1985ರ ವೆನಿಸ್ ಉತ್ಸವದ ಚಿನ್ನದ ಸಿಂಹ ಪ್ರಶಸ್ತಿ.

'ದಿ ಗ್ಲೀನರ್ಸ್ ಅಂಡ್ ಐ' ಎಂದರೇನು? ಗ್ಲೀನಿಂಗ್‌ಗೆ ಕನ್ನಡದಲ್ಲಿ ಪದವಿದೆಯೇ?

ಚೆನ್ನಾದ ಪದವೇ ಇದೆ: ಹಕ್ಕಲಾಯುವುದು. ಕೊಯ್ಲು ಮುಗಿದ ಹೊಲದಲ್ಲಿ ಉಳಿದ ತೆನೆ, ಕಾಳು, ಗೆಡ್ಡೆಗಳೇ ಹಕ್ಕಲು. ಈಗಿನವರು ಮರೆಯುತ್ತಿರುವ ಈ ಮಾತನ್ನು ನನಗೆ ನೆನಪಿಸಿದ್ದು ಫ್ರೆಂಚ್ ಸಾಕ್ಷ್ಯಚಿತ್ರ ಎಂಬುದು ತಮಾಷೆ.

2000ದಲ್ಲಿ, ಎಪ್ಪತ್ತೆರಡರ ಹೊತ್ತಿಗೆ, ವಾರ್ದಾ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಹಿಡಿದು ಹೊರಟರು. ತೆನೆ ಆಯುವ ಹೆಂಗಸರನ್ನು ಫ್ರೆಂಚ್ ವರ್ಣಚಿತ್ರಕಾರ ಮಿಲೆ ಬರೆದ ಹತ್ತೊಂಬತ್ತನೇ ಶತಮಾನದ ಪ್ರಸಿದ್ಧ ಚಿತ್ರದಿಂದ ಶುರುಮಾಡಿ, ಇಂದು ಬಗ್ಗಿ ಆಯುವವರು ಯಾರು ಎಂದು ಹುಡುಕಿದರು. ಕರಿಕೋಟಿನ ವಕೀಲನೊಬ್ಬ ಹೊಲದ ನಡುವೆ ಕೆಂಪು ಪುಸ್ತಕ ಹಿಡಿದು ನಿಂತು, ಕೊಯ್ಲಾದ ಮೇಲೆ ಆಯುವುದು ಶತಮಾನಗಳಷ್ಟು ಹಳೆಯ ಹಕ್ಕು ಎಂದು ಓದಿ ಹೇಳುತ್ತಾನೆ. ಇನ್ನೊಬ್ಬ ಸಂತೆ ಮುಗಿದ ಮೇಲೆ ಬಿದ್ದ ಸೊಪ್ಪು, ಹಣ್ಣು ತಿಂದು ಬದುಕುತ್ತಾನೆ. ರಾತ್ರಿ ಹೊತ್ತು ವಲಸೆ ಬಂದವರಿಗೆ ಬಿಟ್ಟಿಯಾಗಿ ಅಕ್ಷರ ಕಲಿಸುತ್ತಾನೆ. ಅವನ ಭಾಗ ಬಂದಾಗ ಸಭೆಯಲ್ಲಿ ಪಿಸುಮಾತೂ ನಿಂತುಹೋಗುತ್ತದೆ.

ಇನ್ನು ಆಲೂಗಡ್ಡೆ. ಅಂಗಡಿಗೆ ಬೇಕಾದ ಅಳತೆಗೆ ಸಲ್ಲದ, ಸೊಟ್ಟಗಿನ, ದಪ್ಪನೆಯ ಗಡ್ಡೆಗಳನ್ನು ಲಾರಿಯಿಂದ ಹೊಲದಲ್ಲಿ ಸುರಿದು ಹೋಗುತ್ತಾರೆ. ಆ ರಾಶಿಯಲ್ಲಿ ಹೃದಯದ ಆಕಾರದ್ದೊಂದು ಸಿಕ್ಕಿದಾಗ ವಾರ್ದಾ ಅವರಿಗೆ ಆದ ಹಿಗ್ಗು ನೋಡಬೇಕು. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಗಡ್ಡೆ. ಮನೆಗೆ ತಂದು, ಸುಕ್ಕಾಗಿ ಮೊಳಕೆಯೊಡೆಯುವವರೆಗೂ ಇಟ್ಟುಕೊಂಡರು. ಅದೇ ಚಿತ್ರದಲ್ಲಿ ತಮ್ಮ ಸುಕ್ಕುಗಟ್ಟಿದ ಕೈಯನ್ನೂ ಅಷ್ಟೇ ಕುತೂಹಲದಿಂದ ತೋರಿಸುತ್ತಾರೆ. ಒಮ್ಮೆ ಕ್ಯಾಮೆರಾ ಆರಿಸಲು ಮರೆತರು, ನೇತಾಡುವ ಲೆನ್ಸ್ ಮುಚ್ಚಳ ದಾರಿಯುದ್ದಕ್ಕೂ ಕುಣಿಯಿತು. ಬೇರೆಯವರಾಗಿದ್ದರೆ ಕತ್ತರಿಸಿ ಎಸೆಯುತ್ತಿದ್ದರು. ಇವರು ಅದಕ್ಕೆ ಸಂಗೀತ ಸೇರಿಸಿ ಹಾಗೇ ಉಳಿಸಿಕೊಂಡರು. ಅದೂ ಹಕ್ಕಲೇ ತಾನೆ. 2003ರ ವೆನಿಸ್ ಕಲಾಮೇಳದಲ್ಲಿ ಆಲೂಗಡ್ಡೆಗಳದ್ದೇ ಪ್ರದರ್ಶನವಿಟ್ಟು, ತಾವೂ ಆಲೂಗಡ್ಡೆಯ ವೇಷ ತೊಟ್ಟು ಓಡಾಡಿದರು.

ಹಣ ಯಾರು ಹಾಕುತ್ತಿದ್ದರು?

ಮೊದಲ ಚಿತ್ರಕ್ಕೆಂದು ಅವರೇ ಕಟ್ಟಿದ ನಿರ್ಮಾಣ ಸಂಸ್ಥೆಯೇ ಮುಂದೆ 'ಸಿನೆ ತಾಮಾರಿಸ್' ಆಯಿತು. ಕಚೇರಿಯೂ ಡಗೇರ್ ಬೀದಿಯಲ್ಲೇ. ಈಗ ಮಕ್ಕಳ ಕೈಯಲ್ಲಿದೆ.

ಆಸ್ಕರ್ ಬಂದಿತ್ತೇ?

2017ರ ನವೆಂಬರಿನಲ್ಲಿ ಗೌರವ ಆಸ್ಕರ್ ಬಂತು. ಅದನ್ನು ಪಡೆದ ಮೊದಲ ಮಹಿಳಾ ನಿರ್ದೇಶಕಿ ಅವರು. ಅದಕ್ಕೂ ಮೊದಲು 2015ರಲ್ಲಿ ಕಾನ್‌ನ ಗೌರವ ಚಿನ್ನದ ಗರಿ (ಪಾಮ್ ದೋರ್) ಪ್ರಶಸ್ತಿ. 'ಫೇಸಸ್ ಪ್ಲೇಸಸ್' ಸಾಕ್ಷ್ಯಚಿತ್ರ ಆಸ್ಕರ್ ಸ್ಪರ್ಧೆಗೂ ನಾಮನಿರ್ದೇಶನಗೊಂಡಾಗ ಅವರಿಗೆ 89. ನಾಮನಿರ್ದೇಶಿತರ ಭೋಜನಕೂಟಕ್ಕೆ ಹೋಗಲಾಗಲಿಲ್ಲ, ಬದಲಿಗೆ ಆಳೆತ್ತರದ ರಟ್ಟಿನ ವಾರ್ದಾಗಳು ಹೋದವು. ಹಾಲಿವುಡ್ ತಾರೆಯರು ರಟ್ಟಿನ ಜೊತೆ ಸಾಲುಗಟ್ಟಿ ಫೋಟೋ ತೆಗೆಸಿಕೊಂಡರು.

'ಫೇಸಸ್ ಪ್ಲೇಸಸ್' ಕೊನೆಯಲ್ಲಿ ಗೊದಾರ್ ಬಾಗಿಲು ತೆರೆಯದಿದ್ದದ್ದು ನಿಜವೇ?

ನಿಜ. ವಾರ್ದಾ ಅವರಿಗಿಂತ ಐವತ್ತೈದು ವರ್ಷ ಚಿಕ್ಕವರಾದ ಛಾಯಾಚಿತ್ರ ಕಲಾವಿದ ಜೆ.ಆರ್. ಜೊತೆ ಹಳ್ಳಿ ಹಳ್ಳಿ ಸುತ್ತಿ, ಸಿಕ್ಕವರ ಫೋಟೋ ತೆಗೆದು, ಗೋಡೆಯಷ್ಟು ದೊಡ್ಡದು ಮಾಡಿ ಅಂಟಿಸುವುದು ಈ ಚಿತ್ರ. ನಾರ್ಮಂಡಿ ತೀರದಲ್ಲಿ ಮಗುಚಿ ಬಿದ್ದ ಯುದ್ಧಕಾಲದ ಕಾಂಕ್ರೀಟ್ ಗೂಡಿನ ಮೇಲೆ, ವಾರ್ದಾ 1954ರಲ್ಲಿ ತೆಗೆದ ಗೆಳೆಯನ ಫೋಟೋ ಅಂಟಿಸುತ್ತಾರೆ. ಮಾರನೆಯ ದಿನ ನೋಡಿದರೆ ಉಬ್ಬರ ಎಲ್ಲವನ್ನೂ ತೊಳೆದುಕೊಂಡು ಹೋಗಿರುತ್ತದೆ.

ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ರೋಲ್ ಊರಿಗೆ ಹಳೆಯ ಗೆಳೆಯ ಗೊದಾರ್ ಅವರನ್ನು ನೋಡಲು ಹೋಗುತ್ತಾರೆ. ಬಾಗಿಲು ಮುಚ್ಚಿದೆ, ಗಾಜಿನ ಮೇಲೆ ಹಳೆಯ ದಿನಗಳನ್ನು ನೆನಪಿಸುವ ಒಂದೆರಡು ಸಾಲು. ತಂದಿದ್ದ ತಿಂಡಿಯ ಪೊಟ್ಟಣವನ್ನು ಹಿಡಿಕೆಗೆ ಸಿಕ್ಕಿಸಿ ವಾರ್ದಾ ಕಣ್ಣೊರೆಸಿಕೊಳ್ಳುತ್ತಾರೆ. ಸರೋವರದ ದಂಡೆಯಲ್ಲಿ ಜೆ.ಆರ್. ಸಮಾಧಾನಕ್ಕೆಂದು, ಎಂದೂ ತೆಗೆಯದ ತನ್ನ ಕಪ್ಪು ಕನ್ನಡಕ ತೆಗೆಯುತ್ತಾನೆ. ವಾರ್ದಾ ಅವರ ಕಣ್ಣು ಆಗಲೇ ಮಂಜಾಗಿತ್ತು. ನಮಗೂ ಅವನ ಮುಖ ಮಸುಕಾಗಿಯೇ ಕಾಣುತ್ತದೆ.

ಯಾವ ಚಿತ್ರದಿಂದ ನೋಡಲು ಶುರುಮಾಡಲಿ?

ಕ್ಲಿಯೋ. ಅದು ಹಿಡಿಸಿದರೆ ವ್ಯಾಗಬಾಂಡ್. ಕಥೆಗಿಂತ ಜನ ಇಷ್ಟವಾಗುವವರಾದರೆ ನೇರವಾಗಿ ಹಕ್ಕಲಾಯುವವರ ಬಳಿಗೆ ಹೋಗಿ. 'ಲ ಬೊನೋರ್' ಅನ್ನು ಮದುವೆಯಾದ ಹೊಸತರಲ್ಲಿ ಜೋಡಿಯಾಗಿ ನೋಡಬೇಡಿ.

ಕೊನೆಯ ಚಿತ್ರ ಯಾವುದು?

'ವಾರ್ದಾ ಬೈ ಆನ್ಯೆಸ್'. ರಂಗದ ಮೇಲೆ ಕುರ್ಚಿಯಲ್ಲಿ ಕುಳಿತು ತಮ್ಮ ಕೆಲಸವನ್ನು ತಾವೇ ವಿವರಿಸುವ ಸಾಕ್ಷ್ಯಚಿತ್ರ. ಕೊನೆಯ ದೃಶ್ಯದಲ್ಲಿ ಕಡಲತೀರದ ಮರಳುಗಾಳಿಯಲ್ಲಿ ಅವರ ಆಕೃತಿ ಮಸುಕಾಗುತ್ತ ಹೋಗುತ್ತದೆ. 2019ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಅದು ಮೊದಲ ಪ್ರದರ್ಶನ ಕಂಡಿತು. ಮಾರ್ಚ್ 29ರಂದು ಡಗೇರ್ ಬೀದಿಯ ಮನೆಯಲ್ಲಿ, ತೊಂಬತ್ತರ ವಯಸ್ಸಿನಲ್ಲಿ ವಾರ್ದಾ ತೀರಿಕೊಂಡರು. ಬಾಗಿಲ ಮುಂದೆ ಜನ ಹೂವಿನ ಜೊತೆ ಆಲೂಗಡ್ಡೆಗಳನ್ನೂ ಇಟ್ಟು ಹೋದರು.